ವಿಚರ್ 4: ಸಿರಿ ವಿಚರ್ ಆಗಿದ್ದು ಹೇಗೆ? ನನ್ನ ಥಿಯರಿ ಮತ್ತೆ ಅದನ್ನ ಕಟ್ಟಿದ ರೀತಿ

ಮೊದಲೇ ಹೇಳ್ಬಿಡ್ತೀನಿ, ವಿಚರ್ 3 ಗೇಮ್ ಮತ್ತೆ ಅದರ ಬ್ಲಡ್ ಅಂಡ್ ವೈನ್ ಎಕ್ಸ್‌ಪ್ಯಾನ್ಶನ್ ಇನ್ನೂ ಮುಗಿಸಿಲ್ಲ ಅನ್ನೋರು ಮುಗಿಸ್ಕೊಂಡು ಬಂದು ಓದಿ, ಕೆಳಗೆ ಪೂರ್ತಿ ಸ್ಪಾಯ್ಲರ್ ಇದೆ.

2024 ಡಿಸೆಂಬರ್ 12ರ ಗೇಮ್ ಅವಾರ್ಡ್ಸ್‌ನಲ್ಲಿ (ನಮಗಿಲ್ಲಿ ಆಗಲೇ 13ನೇ ತಾರೀಖು ಬೆಳಗ್ಗೆ) ವಿಚರ್ 4 ಟ್ರೈಲರ್ ಬಂತಲ್ಲ, ಅವತ್ತಿಂದ ನನ್ನ ತಲೇಲಿ ಇರೋದು ಒಂದೇ ಪ್ರಶ್ನೆ. ವಿಚರ್ ಅಂದ್ರೆ ಮ್ಯೂಟೇಶನ್‌ನಿಂದ ದೇಹಾನೇ ಬದಲಾಗಿರೋ ರಾಕ್ಷಸ ಬೇಟೆಗಾರ. ಹಳೇ ಗೇಮ್‌ಗಳ ಹೀರೋ ಗೆರಾಲ್ಟ್ ಅಂಥ ವಿಚರ್, ಸಿರಿ ಅವನ ಸಾಕುಮಗಳು. ಟ್ರೈಲರಲ್ಲಿ ಸಿರಿ ಪೋಶನ್ ಕುಡೀತಾಳೆ, ಮುಖದ ಮೇಲೆ ನರ ಕಪ್ಪಾಗುತ್ತೆ, ಕಣ್ಣು ಬೆಕ್ಕಿನ ಕಣ್ಣಾಗಿದೆ. ಅಂದ್ರೆ ಮ್ಯೂಟೇಶನ್ ಆಗಿದೆ. ಅವಳು ಟ್ರಯಲ್ ಆಫ್ ದ ಗ್ರಾಸಸ್ (ವಿಷದಂಥ ಕಷಾಯ ಕೊಟ್ಟು ವಿಚರ್ ಮಾಡೋ ಪರೀಕ್ಷೆ) ದಾಟಿ ಬಂದಿದಾಳೆ ಅಂತ ಗೇಮ್ ಮಾಡ್ತಿರೋ ಸಿಡಿ ಪ್ರಾಜೆಕ್ಟ್ ರೆಡ್‌ನೋರೂ ಆಮೇಲೆ ಒಪ್ಕೊಂಡ್ರು. ಆದ್ರೆ ಯಾರು ಮಾಡಿದ್ರು, ಹೇಗೆ ಮಾಡಿದ್ರು ಅನ್ನೋದನ್ನ ಗೇಮ್‌ಗೇ ಅಂತ ಉಳಿಸ್ಕೊಂಡಿದಾರೆ. ಆ ಖಾಲಿ ಜಾಗದಲ್ಲೇ ನಾನು ಥಿಯರಿ ಕಟ್ಟಿದೀನಿ, ಹೇಗೆ ಅಂತ ಬರೀತೀನಿ.

ಟ್ರೈಲರ್ ನೋಡೋದರಿಂದ ಶುರು. ಮೊದಲ ಸಲ ಸುಮ್ನೆ ಕತೆಯಾಗಿ ನೋಡ್ತೀನಿ, ಆಗ ಪೆನ್ನು ಮುಟ್ಟಲ್ಲ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಯೂಟ್ಯೂಬ್ ಪಾಸ್ ಮಾಡಿ ಕಾಮಾ ಕೀ, ಫುಲ್‌ಸ್ಟಾಪ್ ಕೀ ಒತ್ತಿದ್ರೆ ಒಂದೊಂದೇ ಫ್ರೇಮ್ ಹಿಂದೆ ಮುಂದೆ ಹೋಗುತ್ತೆ, ಕಾದಾಟದ ಭಾಗ ಪೂರ್ತಿ ಹಾಗೇ ನೋಡಿದೆ, ಇನ್ನೊಂದು ಸಲ ಹೆಡ್‌ಫೋನ್ ಹಾಕ್ಕೊಂಡು ಕಣ್ಣು ಮುಚ್ಚಿ ಬರೀ ಸೌಂಡ್ ಕೇಳಿದೆ. ನೋಟ್‌ಬುಕ್‌ನಲ್ಲಿ ಪುಟವನ್ನ ಉದ್ದಕ್ಕೆ ಭಾಗ ಮಾಡಿ ಬರ್ಕೊಳ್ತೀನಿ: ಕಣ್ಣಿಗೆ ಕಂಡಿದ್ದು, ಸ್ಟುಡಿಯೋದೋರು ಬಾಯ್ಬಿಟ್ಟು ಹೇಳಿದ್ದು, ಹಳೇ ಗೇಮ್‌ಗಳಲ್ಲಿ ಇರೋದು, ಮೂಲ ಪೋಲಿಷ್ ಕಾದಂಬರಿಗಳಲ್ಲಿ ಇರೋದು, ಕೊನೇಲಿ ನನ್ನ ಊಹೆ. ಊಹೆಗೆ ಬೇರೆ ಬಣ್ಣದ ಇಂಕು. ಇದು ಶೋಕಿಗಲ್ಲ. ಒಂದು ವಾರ ಬಿಟ್ಟು ಓದಿದ್ರೆ ನಮ್ಮ ಊಹೆನೇ ನಮಗೆ ಸತ್ಯದ ಥರ ಕಾಣೋಕೆ ಶುರುವಾಗುತ್ತೆ, ಬಣ್ಣ ಬೇರೆ ಇದ್ರೆ ಆ ಗೊಂದಲ ಇರಲ್ಲ.

ಮೆಡಾಲಿಯನ್ (ವಿಚರ್‌ಗಳು ಕೊರಳಲ್ಲಿ ಹಾಕೋ, ಅವರ ಸ್ಕೂಲ್ ಅಂದ್ರೆ ಪಂಗಡದ ಗುರುತಿನ ಪದಕ) ವಿಷಯ ಬೇಗ ಮುಗಿಸ್ತೀನಿ. 2022 ಮಾರ್ಚ್‌ನಲ್ಲಿ ಹಿಮದಲ್ಲಿ ಹೂತಿರೋ ಮೆಡಾಲಿಯನ್ ಫೋಟೋ ಬಿಟ್ಟಾಗ ಬೆಕ್ಕು ಅಂದೋರೇ ಜಾಸ್ತಿ, ಆಮೇಲೆ ಅದು ಲಿಂಕ್ಸ್ (ಒಂದು ಜಾತಿ ಕಾಡುಬೆಕ್ಕು) ಅಂತ ಸ್ಟುಡಿಯೋನೇ ಹೇಳ್ತು. ಕಾದಂಬರಿಗಳಲ್ಲಿ ಬೊನ್‌ಹಾರ್ಟ್ ಅನ್ನೋ ಬಾಡಿಗೆ ಕೊಲೆಗಾರ ಕೊಂದ ವಿಚರ್‌ಗಳ ಮೆಡಾಲಿಯನ್‌ಗಳಲ್ಲಿ ಬೆಕ್ಕಿಂದೂ ಒಂದು ಇರುತ್ತೆ, ಕೊನೆಗೆ ಅದು ಸಿರಿ ಕೈಗೆ ಬರುತ್ತೆ, ಅಲ್ಲಿಂದ ಲಿಂಕ್ಸ್‌ಗೆ ದೂರ ಏನಿಲ್ಲ. ಹೊಸ ಸ್ಕೂಲ್ ಕಟ್ಟಿದ್ದು ಯಾರು ಅನ್ನೋದಕ್ಕೂ ಮ್ಯೂಟೇಶನ್ ಯಾರಿಂದ ಬಂತು ಅನ್ನೋದಕ್ಕೂ ಉತ್ತರ ಒಂದೇ ಇರ್ಬೇಕು ಅಂತೇನಿಲ್ಲ, ತುಂಬಾ ಜನ ಇವೆರಡನ್ನೂ ಒಂದೇ ಗಂಟು ಹಾಕ್ತಾರೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಲೋಕದಲ್ಲಿ ಹೊಸದಾಗಿ ವಿಚರ್ ಮಾಡೋ ವಿದ್ಯೆನೇ ಕಳೆದುಹೋಗಿದೆ. ವಿಚರ್‌ಗಳ ಕೇರ್ ಮೊರ್ಹೆನ್ ಕೋಟೆ ಮೇಲೆ ಜನ ದಾಳಿ ಮಾಡಿದಾಗ ಆ ವಿದ್ಯೆ ಗೊತ್ತಿದ್ದೋರೆಲ್ಲ ಸತ್ರು, ಉಳಿದ ವೆಸೆಮಿರ್ ಕತ್ತಿ ವರಸೆ ಹೇಳ್ಕೊಡೋ ಮೇಷ್ಟ್ರು ಅಷ್ಟೇ. 2007ರ ಮೊದಲ ಗೇಮ್ ಶುರುವಾಗೋದೇ ಕೋಟೆ ಲ್ಯಾಬ್‌ನಿಂದ ಮ್ಯೂಟೇಶನ್‌ಗೆ ಬೇಕಾದ ಮ್ಯೂಟಜನ್ ಕಳ್ಳತನ ಆಗೋದರಿಂದ. ಹಾಗಾದ್ರೆ ಸಿರಿಗೆ ಮಾಡೋಕೆ ಗೊತ್ತಿರೋರು ಯಾರು ಉಳಿದಿದಾರೆ?

ಎಲ್ಲರೂ ಹೇಳೋ ಹೆಸರು ಅವಲಾಕ್, ಎಲ್ಫ್ ಜನಾಂಗದ ಪಂಡಿತ. ಎಲ್ಡರ್ ಬ್ಲಡ್ (ಸಿರಿ ಮೈಯಲ್ಲಿರೋ ಮಾಂತ್ರಿಕ ಶಕ್ತಿಯ ರಕ್ತ) ಬಗ್ಗೆ ಅವನಷ್ಟು ಓದ್ಕೊಂಡೋರು ಇನ್ನೊಬ್ರಿಲ್ಲ, ಒಪ್ತೀನಿ. ಆದ್ರೆ ಆ ರಕ್ತನ ಕಾಪಾಡೋದೇ ಅವನ ಜೀವನದ ಕೆಲಸ, ಅದನ್ನ ವಿಷ ಹಾಕಿ ಕೆಡಿಸೋಕೆ ಅವನು ಒಪ್ತಾನಾ? ಆಮೇಲೆ ಮಾಂತ್ರಿಕೆ ಕೀರಾ ಮೆಟ್ಜ್ ಮತ್ತೆ ವಿಚರ್ ಲ್ಯಾಂಬರ್ಟ್ ಜೋಡಿ. ಇದು ನನಗೆ ತುಂಬಾ ಇಷ್ಟದ ಥಿಯರಿ, ಆದ್ರೆ ವಿಚರ್ 3ರಲ್ಲಿ ನಮ್ಮ ಆಯ್ಕೆ ಮೇಲೆ ಕೀರಾ ಸಾಯಬಹುದು, ಅವಳು ಕೋಟೆಗೆ ಬರದೇ ಇದ್ರೆ ಲ್ಯಾಂಬರ್ಟ್ ಕೂಡ ಸಾಯಬಹುದು. ಅರ್ಧ ಜನರ ಸೇವ್‌ನಲ್ಲಿ ಸತ್ತಿರೋ ಪಾತ್ರದ ಮೇಲೆ ಇಷ್ಟು ದೊಡ್ಡ ವಿಷಯ ನಿಲ್ಲಿಸೋದು ಬರೆಯೋರಿಗೆ ಕಷ್ಟ.

ಹಾಗಾಗಿ ನಾನು ವಿಚರ್ 3 ಮತ್ತೆ ಇನ್‌ಸ್ಟಾಲ್ ಮಾಡಿ, ಮ್ಯೂಟೇಶನ್ ಅನ್ನೋ ಮಾತು ಬರೋ ಕ್ವೆಸ್ಟ್‌ಗಳನ್ನ ಮಾತ್ರ ಹುಡುಕಿ ಆಡಿದೆ, ಪುಸ್ತಕ, ಪತ್ರ, ಡೈರಿ ಏನು ಸಿಕ್ರೂ ನಿಂತು ಓದಿದೆ. ಥಿಯರಿ ಮಾಡ್ಬೇಕು ಅನ್ನೋರಿಗೆ ನಾನು ಕೊಡೋ ಸಲಹೆ ಇದೊಂದೇ, ಬೇರೆಯೋರ ವಿಡಿಯೋ ನೋಡೋ ಟೈಮಲ್ಲಿ ಹಳೇ ಗೇಮ್ ಆಡಿ, ಉತ್ತರ ಇದ್ರೆ ಅಲ್ಲೇ ಇರುತ್ತೆ.

ಸಿಕ್ಕಿದ್ದು ಎರಡು ಜಾಗ. ಒಂದು, ಕೇರ್ ಮೊರ್ಹೆನ್‌ನಲ್ಲಿ ಉಮಾ ಅನ್ನೋ ಕುರೂಪಿ ಜೀವಿಯ ಶಾಪ ಬಿಡಿಸೋ ಕ್ವೆಸ್ಟ್. ಅಲ್ಲಿ ಟ್ರಯಲ್ ಆಫ್ ದ ಗ್ರಾಸಸ್ಸನ್ನೇ ಬಳಸ್ಬೇಕು ಅಂತ ಹಟ ಹಿಡಿಯೋದು ಮಾಂತ್ರಿಕೆ ಯೆನ್ನೆಫರ್, ವೆಸೆಮಿರ್‌ಗೆ ಸುತಾರಾಂ ಇಷ್ಟ ಇರಲ್ಲ, ಆದ್ರೂ ಆ ಹಳೇ ಮೇಜು, ಆ ಕಷಾಯಗಳು ಎಲ್ಲ ಮತ್ತೆ ಹೊರಗೆ ಬರುತ್ತೆ. ಎರಡನೇದು 2016ರ ಬ್ಲಡ್ ಅಂಡ್ ವೈನ್. ಅದರ ಕತೆ ನಡೆಯೋ ಟೂಸಾಂಟ್ ಸೀಮೆಯಲ್ಲಿ ಗೆರಾಲ್ಟ್‌ಗೆ ಒಂದು ಪತ್ರ ಬರುತ್ತೆ, ಪ್ರೊಫೆಸರ್ ಮೊರೋ ಅನ್ನೋನು ವಿಚರ್ ಮ್ಯೂಟೇಶನ್ ಮೇಲೆ ಸಂಶೋಧನೆ ಮಾಡಿದ್ದ, ಅವನ ಲ್ಯಾಬ್ ಅಲ್ಲೇ ಎಲ್ಲೋ ಇದೆ ಅಂತ. ಆ ಪತ್ರ ಬರೆದಿದ್ದು ಯಾರು ಗೊತ್ತಾ? ಅದೂ ಯೆನ್ನೆಫರ್. ಮೊರೋ ಮಗನನ್ನ ವಿಚರ್ ಮಾಡಿಬಿಟ್ಟಿರ್ತಾರೆ, ಅವನನ್ನ ಮತ್ತೆ ಮಾಮೂಲಿ ಮನುಷ್ಯ ಮಾಡ್ಬೇಕು ಅಂತ ಅಪ್ಪ ಒದ್ದಾಡಿರ್ತಾನೆ. ಗೆರಾಲ್ಟ್ ಆ ಲ್ಯಾಬ್ ಹುಡುಕಿ ತನ್ನ ಮೇಲೇ ಪ್ರಯೋಗ ಮಾಡ್ಕೊಳ್ತಾನೆ, ಬದುಕ್ತಾನೆ. ಸ್ಕಿಲ್ ಪಾಯಿಂಟ್ ಸಿಗುತ್ತೆ ಅಂತ ನಾವೆಲ್ಲ ಆ ಡೈರಿ ಓದದೇ ಮುಂದಕ್ಕೆ ಓಡಿರ್ತೀವಿ.

ಮೊರೋ ಮೆಷಿನ್ ಒಂದರಿಂದಲೇ ಮಾಮೂಲಿ ಮನುಷ್ಯ ವಿಚರ್ ಆಗೋಕಾಗಲ್ಲ, ಅದು ಆಗಲೇ ಆಗಿರೋ ಮ್ಯೂಟೇಶನ್ ಮೇಲೆ ಕೆಲಸ ಮಾಡೋದು. ಕೇರ್ ಮೊರ್ಹೆನ್ ಕಷಾಯ ಒಂದೇ ಸಾಲಲ್ಲ, ಅದು ಬಹುಪಾಲು ಹುಡುಗರನ್ನ ಕೊಲ್ಲುತ್ತೆ. ಆದ್ರೆ ಎರಡೂ ಸೇರಿದ್ರೆ? ಮತ್ತೆ ಈ ಎರಡೂ ಗೊತ್ತಿರೋರು ಇಡೀ ಲೋಕದಲ್ಲಿ ಇಬ್ಬರೇ, ಗೆರಾಲ್ಟ್ ಮತ್ತೆ ಯೆನ್ನೆಫರ್, ಅಂದ್ರೆ ಸಿರಿ ಪಾಲಿಗೆ ಅಪ್ಪ ಅಮ್ಮ. ಇದನ್ನ ಬೇರೆ ಬಣ್ಣದ ಇಂಕಲ್ಲಿ ಬರೆದ್ಮೇಲೆ ಸ್ವಲ್ಪ ಹೊತ್ತು ನಾನು ಮುಂದೆ ಬರೆಯೋಕೇ ಆಗ್ಲಿಲ್ಲ, ಯಾಕಂದ್ರೆ ಈ ಕೆಲಸಕ್ಕೆ ಯಾವತ್ತೂ ಒಪ್ಪದೇ ಇರೋ ಇಬ್ಬರು ಅಂದ್ರೆ ಅವರೇ.

ಹಾಗಾಗಿ ನನ್ನ ಥಿಯರಿ ಅವರೇ ಮಾಡಿದ್ರು ಅಂತ ಅಲ್ಲ. ಸಿರಿ ಕೇಳಿದಾಳೆ, ಅವರು ಆಗಲ್ಲ ಅಂದಿದಾರೆ, ಅವರು ಉಳಿಸ್ಕೊಂಡಿದ್ದ ಡೈರಿ, ಕಷಾಯದ ಲೆಕ್ಕ ಎಲ್ಲ ತಗೊಂಡು ಅವಳೇ ಹೋಗಿದಾಳೆ. ಇದಕ್ಕೆ ಆಧಾರ ವಿಚರ್ 3ರ ಎಂಡಿಂಗ್ ಹೇಗೆ ನಿರ್ಧಾರ ಆಗುತ್ತೆ ಅನ್ನೋದ್ರಲ್ಲೇ ಇದೆ. ಲಾಡ್ಜ್ ಅನ್ನೋ ಮಾಂತ್ರಿಕೆಯರ ಗುಂಪಿನ ಹತ್ರ ಅವಳೊಬ್ಬಳನ್ನೇ ಹೋಗೋಕೆ ಬಿಟ್ರಾ, ಸಿಟ್ಟು ಬಂದಾಗ ಅವಲಾಕ್ ಲ್ಯಾಬ್ ಒಡೆದು ಹಾಕು ಅಂದ್ರಾ, ಅವಳಿಗೆ ಸಹಾಯ ಮಾಡಿದ್ದ ಸ್ಕ್ಯಾಲ್ ಅನ್ನೋ ಹುಡುಗನ ಸಮಾಧಿ ನೋಡೋಕೆ ಜೊತೆಗೆ ಹೋದ್ರಾ, ಬೇಜಾರಲ್ಲಿದ್ದಾಗ ಅವಳ ಜೊತೆ ಹಿಮದ ಉಂಡೆ ಎಸೆದು ಆಡಿದ್ರಾ. ಇದೆಲ್ಲ ಮಾಡಿ, ಅವಳನ್ನ ಅವಳ ಹೆತ್ತ ಅಪ್ಪ ಚಕ್ರವರ್ತಿ ಎಮ್ಹಿರ್ ಹತ್ರ ಕರ್ಕೊಂಡು ಹೋಗದೇ ಇದ್ರೆ ಅವಳು ವಿಚರ್ ಆಗ್ತಾಳೆ. ಅಂದ್ರೆ ಅವಳ ನಿರ್ಧಾರ ಅವಳದ್ದು ಅಂತ ನಂಬಿದ ಸಾಕಪ್ಪ ಗೆರಾಲ್ಟ್‌ಗೆ ಸಿಗೋ ಎಂಡಿಂಗ್ ಅದು. ಇಷ್ಟೆಲ್ಲ ಕಟ್ಟಿದೋರು ಮುಂದಿನ ಗೇಮ್‌ನಲ್ಲಿ ಬೇರೆ ಯಾರೋ ಅವಳನ್ನ ಮೇಜಿಗೆ ಕಟ್ಟಿ ಮ್ಯೂಟೇಶನ್ ಮಾಡಿದ್ರು ಅಂತ ಬರೆದ್ರೆ ಆ ಕತೆಗೆ ಅನ್ಯಾಯ ಆಗುತ್ತೆ. ಟ್ರೈಲರಲ್ಲೂ ಅಷ್ಟೇ, ಮಿಯೋನಿ ಅನ್ನೋ ಹುಡುಗಿನ ಊರವರು ಬಾಕ್ ಅನ್ನೋ ರಾಕ್ಷಸನಿಗೆ ಬಲಿ ಕೊಡ್ತಾರೆ, ನಿನ್ನ ವಿಧಿನ ನೀನೇ ಬದಲಾಯಿಸಬಹುದು ಅಂತ ಅವಳಿಗೆ ತೋರಿಸೋಕೆ ಸಿರಿ ಪ್ರಯತ್ನ ಪಡ್ತಾಳೆ, ಬಾಕ್‌ನ ಕೊಂದು ವಾಪಸ್ ಬರೋಷ್ಟರಲ್ಲಿ ಊರವರೇ ಹುಡುಗಿನ ಮುಗಿಸಿರ್ತಾರೆ. ತನ್ನ ವಿಧಿನ ತಾನೇ ಬದಲಾಯಿಸ್ಕೊಂಡೋಳಿಗೆ ಮಾತ್ರ ಆ ಸಿಟ್ಟು ಬರೋದು.

ಇನ್ನೊಂದು ತುಂಡು ಜೂನ್ 2025ರ ಅನ್‌ರಿಯಲ್ ಎಂಜಿನ್ ಟೆಕ್ ಡೆಮೋದಲ್ಲಿ ಸಿಕ್ತು. ಸಿರಿ ಕೋವಿರ್ ದೇಶದಲ್ಲಿದಾಳೆ, ವಾಲ್‌ಡ್ರೆಸ್ಟ್ ಅನ್ನೋ ಬಂದರಿನ ಊರಲ್ಲಿ ಓಡಾಡ್ತಾಳೆ, ಕುದುರೆ ಹೆಸರು ಕೆಲ್ಪಿ. ಕಾದಂಬರಿಲಿ ಅವಳ ಕಪ್ಪು ಹೆಣ್ಣು ಕುದುರೆ ಹೆಸರೂ ಅದೇ. ಗೆರಾಲ್ಟ್ ತನ್ನ ಎಲ್ಲಾ ಕುದುರೆಗೂ ರೋಚ್ ಅಂತಾನೇ ಹೆಸರಿಡ್ತಾನಲ್ಲ, ಆ ಅಭ್ಯಾಸ ಮಗಳಿಗೂ ಬಂದಿದೆ ಅಂತ ನನಗನಿಸುತ್ತೆ, ಇದು ಸಣ್ಣ ಊಹೆ, ಆದ್ರೆ ಬರೆಯುವಾಗ ಖುಷಿ ಆಯ್ತು. ಅದಕ್ಕಿಂತ ದೊಡ್ಡದು ಕೋವಿರ್. ವಿಚರ್ 3ರಲ್ಲಿ ನೋವಿಗ್ರಾಡ್ ಪಟ್ಟಣದಿಂದ ಮಾಂತ್ರಿಕರು ಹಡಗು ಹತ್ತಿ ತಪ್ಪಿಸ್ಕೊಂಡು ಹೋಗೋದು ಕೋವಿರ್‌ಗೆ, ಗೆರಾಲ್ಟ್ ಮಾಂತ್ರಿಕೆ ಟ್ರಿಸ್‌ನ ಆರಿಸ್ಕೊಂಡ್ರೆ ಅವರಿಬ್ಬರೂ ಹೋಗಿ ನೆಲೆಸೋದೂ ಅಲ್ಲೇ. ಮತ್ತೆ ಕಾದಂಬರಿಲಿ, ಸಿರಿ ಪುಟ್ಟ ಹುಡುಗಿಯಾಗಿ ಕೇರ್ ಮೊರ್ಹೆನ್‌ನಲ್ಲಿದ್ದಾಗ ಅವಳಿಗೆ ವಿಚರ್‌ಗಳ ಅಣಬೆ, ಗಿಡಮೂಲಿಕೆ ಎಲ್ಲ ತಿನ್ನಿಸ್ತಿರೋದನ್ನ ನೋಡಿ ಬೈದು ನಿಲ್ಲಿಸಿದೋಳು ಟ್ರಿಸ್. ಅವತ್ತು ತಡೆದೋಳ ಮುಂದೆ ಬೆಕ್ಕಿನ ಕಣ್ಣಿನ ಸಿರಿ ಹೋಗಿ ನಿಲ್ಲೋ ಸೀನ್ ಈ ಗೇಮ್‌ನಲ್ಲಿ ಇರ್ಲೇಬೇಕು ಅಂತ ನನ್ನಾಸೆ. ಗೆರಾಲ್ಟ್ ಇರ್ತಾನೆ, ಆದ್ರೆ ಹೀರೋ ಅವನಲ್ಲ ಅಂತ ಸ್ಟುಡಿಯೋ ಹೇಳಿದೆ, ಹಾಗಾಗಿ ಅವನ ಪಾಲಿನ ಮಾತೂ ಬರುತ್ತೆ.

ನೋಟ್‌ಬುಕ್ ಕೊನೇ ಪುಟದಲ್ಲಿ ಥಿಯರಿ ಯಾವಾಗ ಬೀಳುತ್ತೆ ಅಂತಾನೂ ಬರೆದಿಟ್ಟಿದೀನಿ. ಮುಂದಿನ ಟ್ರೈಲರ್‌ನಲ್ಲಿ ಅವಲಾಕ್ ಪಕ್ಕದಲ್ಲಿ ಸಿರಿ ಮೇಜಿನ ಮೇಲೆ ಮಲಗಿರೋ ಫ್ಲ್ಯಾಶ್‌ಬ್ಯಾಕ್ ಬಂದ್ರೆ ನನ್ನ ಥಿಯರಿ ಅಲ್ಲಿಗೆ ಮುಗೀತು. ಲಿಂಕ್ಸ್ ಸ್ಕೂಲಲ್ಲಿ ಸಿರಿಗಿಂತ ಹಳೇ ವಿಚರ್‌ಗಳಿದ್ರೆ ಅರ್ಧ ಮುಗೀತು. ಟೂಸಾಂಟ್ ಅಥವಾ ಮೊರೋ ಹೆಸರು ಒಂದು ಸಲ ಕೇಳಿಸಿದ್ರೂ ನಾನು ಕುರ್ಚಿಯಿಂದ ಎದ್ದು ಕುಣಿಯೋದು ಗ್ಯಾರಂಟಿ.

ಈಗ ನನಗೊಂದು ಸಹಾಯ ಬೇಕು. ನನ್ನ ಸೇವ್‌ನಲ್ಲಿ ಯೆನ್ನೆಫರ್ ಜೊತೆ ರೊಮ್ಯಾನ್ಸ್ ಇರೋದ್ರಿಂದ ಬ್ಲಡ್ ಅಂಡ್ ವೈನ್ ಕೊನೇಲಿ ದ್ರಾಕ್ಷಿ ತೋಟದ ಮನೆಗೆ ಬರೋದು ಅವಳೇ. ಗೆರಾಲ್ಟ್‌ಗೆ ಯಾರ ಜೊತೆಗೂ ರೊಮ್ಯಾನ್ಸ್ ಇಲ್ಲದೆ, ಸಿರಿನೂ ವಿಚರ್ ಆಗಿರೋ ಸೇವ್ ನಿಮ್ಮ ಹತ್ರ ಇದ್ರೆ ಆ ಮನೆಗೆ ಸಿರಿ ಬರ್ತಾಳೆ. ಆ ಸೀನ್‌ನಲ್ಲಿ ಅವಳು ಆಡೋ ಮಾತು ಪೂರ್ತಿ ಬರೆದು ಕಳಿಸಿ, ಸಬ್‌ಟೈಟಲ್ ಸ್ಕ್ರೀನ್‌ಶಾಟ್ ಆದ್ರೂ ಪರವಾಗಿಲ್ಲ.