ಜೋಡಿ ಬೂಟು: ಮೊದಲು ನೆಲ, ಆಮೇಲೆ ಚರ್ಮ

ಚಿತ್ರ ಬಿಡಿಸಲು ಕಲಿಯತೊಡಗಿದ ದಿನಗಳಲ್ಲಿ ನಾನು ನನ್ನವೇ ಹಳೆಯ ಬೂಟುಗಳನ್ನು ಮುಂದಿಟ್ಟುಕೊಂಡು, ಎಡಗಾಲಿನದನ್ನು ಲೇಸಿನ ಕೊನೆಯ ಗಂಟಿನವರೆಗೂ ಬರೆದು ಮುಗಿಸಿ, ಆಮೇಲೆ ಅದರ ಪಕ್ಕಕ್ಕೆ ಬಲಗಾಲಿನದನ್ನು ಸೇರಿಸಲು ಹೊರಟೆ. ಎಡದ್ದು ಚೆನ್ನಾಗಿಯೇ ಬಂದಿತ್ತು. ಬಲದ್ದು ಮಾತ್ರ ಎಷ್ಟು ತಿದ್ದಿದರೂ ನೆಲ ಬಿಟ್ಟು ಮೇಲೆದ್ದಂತೆ ಕಾಣುತ್ತಿತ್ತು. ಬಿಡಿಬಿಡಿಯಾಗಿ ನೋಡಿದರೆ ಎರಡರಲ್ಲೂ ದೊಡ್ಡ ತಪ್ಪಿರಲಿಲ್ಲ; ಅವು ಒಂದೇ ನೆಲದ ಮೇಲೆ ನಿಂತಿರಲಿಲ್ಲ, ಅಷ್ಟೇ. ಜೋಡಿಯನ್ನು ಮೊದಲ ಗೆರೆಯಿಂದಲೇ ಜೋಡಿಯಾಗಿ ಬರೆಯಬೇಕೆಂಬುದು ನನಗೆ ಮನದಟ್ಟಾದದ್ದು ಆ ಹಾಳೆಯಿಂದ.

ಅಂದಿನಿಂದ ನಾನು ಬೂಟನ್ನು ಬರೆಯುವ ಮೊದಲು ಅದರ ಹೆಜ್ಜೆಗುರುತನ್ನು ಬರೆಯುತ್ತೇನೆ. ಬೂಟುಗಳನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಸ್ವಲ್ಪ ಓರೆಯಾಗಿ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ಇಟ್ಟುಕೊಂಡು, ಎಚ್‌ಬಿ ಪೆನ್ಸಿಲ್ಲಿನಿಂದ ತೀರ ತೆಳುವಾಗಿ ಎರಡೂ ಅಟ್ಟೆಗಳ ಹೊರಗೆರೆಯನ್ನು, ಮೇಲಿನ ಚರ್ಮ ಇಲ್ಲವೇ ಇಲ್ಲವೆಂಬಂತೆ, ಚಿತ್ರದ ನೆಲದ ಮೇಲೆ ಗುರುತಿಸಿಕೊಳ್ಳುತ್ತೇನೆ. ಅಟ್ಟೆಯ ಹೊರ ಅಂಚು ಉಬ್ಬಿರುತ್ತದೆ, ಒಳ ಅಂಚು ಪಾದದ ಕಮಾನಿನ ಬಳಿ ಒಳಕ್ಕೆ ಸರಿದಿರುತ್ತದೆ. ಎಡ ಯಾವುದು, ಬಲ ಯಾವುದು ಎಂಬುದು ತಿಳಿಯುವುದೇ ಇದರಿಂದ. ಎರಡು ಹಿಮ್ಮಡಿಗಳನ್ನು ಕೂಡಿಸುವ ಒಂದು ಗೆರೆ, ಎರಡು ಮೂತಿಗಳನ್ನು ಕೂಡಿಸುವ ಇನ್ನೊಂದು ಗೆರೆ ಎಳೆದರೆ ಯಾವ ಬೂಟು ಮುಂದಿದೆ, ಎಷ್ಟು ಮುಂದಿದೆ ಎಂಬುದು ಖಚಿತವಾಗುತ್ತದೆ. ನಂತರ ಕೈಯನ್ನು ನೇರವಾಗಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹಿಮ್ಮಡಿಯ ಎತ್ತರವನ್ನು ಬೆರಳಿನಿಂದ ಗುರುತು ಹಿಡಿದು, ಅದನ್ನೇ ಅಳತೆಗೋಲಾಗಿ ಬಳಸುತ್ತೇನೆ. ನನ್ನ ಬೂಟುಗಳ ಒಟ್ಟು ಎತ್ತರ ಅಂಥ ಸುಮಾರು 6 ಅಳತೆಗಳಷ್ಟಿದೆ.

ಎರಡು ಬೂಟುಗಳ ನಡುವಿನ ಖಾಲಿ ಜಾಗವನ್ನು ಆರಂಭಿಕರು ಗಮನಿಸುವುದೇ ಇಲ್ಲ. ಆ ಜಾಗಕ್ಕೂ ಒಂದು ಆಕಾರವಿದೆ. ನಾನು ಕುಳಿತ ಕಡೆಯಿಂದ ಅದು ಬುಡ ಅಗಲವಾಗಿ, ಮೇಲಕ್ಕೆ ಹೋದಂತೆ ಕಿರಿದಾಗುವ ಓರೆ ತ್ರಿಕೋನದಂತೆ ಕಾಣುತ್ತದೆ. ಆ ತ್ರಿಕೋನ ಸರಿಯಾಗಿ ಬಂದರೆ ಅದರ ಎರಡು ಪಕ್ಕದ ಬೂಟುಗಳ ಒಳ ಅಂಚುಗಳು ತಾವಾಗಿಯೇ ಸರಿಯಾಗಿರುತ್ತವೆ.

ಇನ್ನೊಂದು ಸೂಕ್ಷ್ಮವನ್ನು ನಾನು ಬಹಳ ತಡವಾಗಿ ಕಂಡುಕೊಂಡೆ. ಬೂಟಿನ ಮೂತಿಯ ಕೆಳಗೆ ಒಂದು ಕಾಗದದ ಚೂರನ್ನು ತೂರಿಸಿದರೆ ಅದು ಬೆರಳುಗಳು ಬಾಗುವ ಜಾಗದ ಹತ್ತಿರದವರೆಗೂ ಸಲೀಸಾಗಿ ಒಳಗೆ ಹೋಗುತ್ತದೆ, ಏಕೆಂದರೆ ಅಟ್ಟೆಯ ತುದಿ ನೆಲದಿಂದ ತುಸು ಮೇಲೆದ್ದಿರುತ್ತದೆ. ಇಡೀ ಅಟ್ಟೆಯನ್ನು ನೆಲಕ್ಕೆ ಅಂಟಿಸಿ ಬರೆದ ಬೂಟು ಮರದ ದಿಮ್ಮಿಯಂತೆ ಕಾಣುತ್ತದೆ. ಆ ಕೂದಲೆಳೆಯ ಸಂದನ್ನು ಬಿಟ್ಟು, ಅದರೊಳಗೆ ನೆರಳು ತುಂಬಿದ ಕೂಡಲೇ ನಡೆಯಬಲ್ಲ ಬೂಟಾಗುತ್ತದೆ.

ಬೂಟಿನ ಬಾಯಿ ದೀರ್ಘವೃತ್ತ. ಅದರ ಎರಡು ತುದಿಗಳನ್ನು ಚೂಪು ಮಾಡಬಾರದು, ಅಲ್ಲಿಯೂ ಗೆರೆ ದುಂಡಗೆ ತಿರುಗಬೇಕು. ಲೇಸನ್ನು ಸಾಲಾದ ಗುಣಾಕಾರ ಚಿಹ್ನೆಗಳಂತೆ ಬರೆಯುವ ಅಭ್ಯಾಸವನ್ನು ಬಿಡಲು ನನಗೆ ಸಾಕಷ್ಟು ಕಾಲ ಹಿಡಿಯಿತು. ಈಗ ಮೊದಲು ತೂತುಗಳ ಎರಡು ಸಾಲುಗಳನ್ನು ಪಾದದ ಉಬ್ಬಿಗೆ ಹೊಂದುವಂತೆ ಗುರುತಿಸುತ್ತೇನೆ: ನಮ್ಮ ಕಡೆಗಿರುವ ತೂತುಗಳು ಹೆಚ್ಚು ದುಂಡಗೆ, ಆಚೆ ಬದಿಯವು ಕಿರಿದಾಗಿ. ಆಮೇಲೆ ಪ್ರತಿ ಅಡ್ಡಹಾಯುವಿಕೆಯಲ್ಲೂ ಯಾವ ಎಳೆ ಮೇಲಿದೆ ಎಂದು ನೋಡಿ, ಅದನ್ನು ಮೊದಲು ಪೂರ್ತಿ ಬರೆದು, ಕೆಳಗಿನದನ್ನು ಅದರ ಅಂಚಿನಲ್ಲಿ ನಿಲ್ಲಿಸುತ್ತೇನೆ.

ನೆರಳಿನ ಕೆಲಸಕ್ಕೆ ಎಚ್‌ಬಿಗಿಂತ ಮೆತ್ತಗಿನ, ಹೆಚ್ಚು ಕಪ್ಪಾಗಿ ಬರೆಯುವ 2ಬಿ ಮತ್ತು 4ಬಿ ಪೆನ್ಸಿಲ್ಲುಗಳು ಸಾಕು. ಅತ್ಯಂತ ಕಪ್ಪನ್ನು ಅಟ್ಟೆ ನೆಲವನ್ನು ಮುಟ್ಟುವ ಗೆರೆಗೂ ಬೂಟಿನ ಬಾಯಿಯ ಒಳಭಾಗಕ್ಕೂ ಮೀಸಲಿಡುತ್ತೇನೆ. ಚರ್ಮದ ಸುಕ್ಕನ್ನು ಬರಿಯ ಗೆರೆಯಾಗಿ ಎಳೆದರೆ ಅದು ಗೀರಿನಂತೆ ಕಾಣುತ್ತದೆ. ಪ್ರತಿ ಸುಕ್ಕಿಗೂ ಒಂದು ಕಪ್ಪು ತಗ್ಗು, ಅದಕ್ಕೆ ಒತ್ತಿಕೊಂಡೇ ಒಂದು ಬೆಳಕಿನ ಉಬ್ಬು ಬೇಕು. ಮೂತಿಯ ಮೇಲಿನ ಹೊಳಪಿಗೆ ಕಾಗದದ ಬಿಳಿಯನ್ನೇ ಮೊದಲಿನಿಂದ ಉಳಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ರಬ್ಬರಿನಿಂದ ತೆಗೆದ ಬೆಳಕು ಮಂಕಾಗಿಯೇ ಉಳಿಯುತ್ತದೆ.

ಆರಂಭಿಕರಿಗೆ ಹೊಸ ಬೂಟಿಗಿಂತ ಹಳೆಯದೇ ಒಳ್ಳೆಯ ಮಾದರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿನ್ಸೆಂಟ್ ವಾನ್ ಗೋ 1886ರಲ್ಲಿ ಪ್ಯಾರಿಸಿನಲ್ಲಿ ಬರೆದ, ಈಗ ಆಂಸ್ಟರ್‌ಡ್ಯಾಮಿನ ವಾನ್ ಗೋ ವಸ್ತುಸಂಗ್ರಹಾಲಯದಲ್ಲಿರುವ ಜೋಡಿ ಬೂಟುಗಳ ಚಿತ್ರದಲ್ಲಿ ಒಂದರ ಕುತ್ತಿಗೆ ಮಡಚಿ ಬಿದ್ದಿದೆ, ಲೇಸು ಸಡಿಲವಾಗಿ ಹರಡಿದೆ. ಎರಡೂ ಒಂದರಂತೆ ಒಂದಿಲ್ಲ. ಅದನ್ನು ನೋಡಿದ ಮೇಲೆ ನನ್ನ ಬೂಟುಗಳನ್ನು ತಲೆಕೆಳಗು ಮಾಡಿ ಪರೀಕ್ಷಿಸಿದೆ. ಬಲದ ಹಿಮ್ಮಡಿ ಹೊರಮೂಲೆಯಲ್ಲಿ ಅಕ್ಕಿಕಾಳಿನ ದಪ್ಪದಷ್ಟು ಸವೆದಿತ್ತು, ಅದರಿಂದ ಇಡೀ ಬೂಟು ಆ ಕಡೆಗೆ ತುಸು ವಾಲಿ ನಿಲ್ಲುತ್ತಿತ್ತು. ಮುಂದಿನ ಹಾಳೆಯಲ್ಲಿ ಆ ಮೂಲೆಯನ್ನು ಅಷ್ಟೇ ಕತ್ತರಿಸಿ, ಕುತ್ತಿಗೆಯ ನಡುಗೆರೆಯನ್ನು ಅಷ್ಟೇ ಹೊರಕ್ಕೆ ಬಾಗಿಸಿ ಬರೆದಾಗ, ಬಲದ ಬೂಟು ಮೊದಲ ಸಲ ಎಡದ್ದರ ಪಕ್ಕದಲ್ಲಿ ನೆಲಕ್ಕೆ ಭಾರ ಕೊಟ್ಟು ನಿಂತಿತು.