ಪುಣೆಯ ಟೇಕಡಿಗಳಿಗೆ ಹಿಂದಿನ ಶಾಕ್: ಮೊದಲು ಗಾಳಿ, ಆಮೇಲೆ ದುಡ್ಡು

ಮೌಂಟನ್ ಸೈಕಲ್‌ನ ಹಿಂದಿನ ಚಕ್ರದ ಏಟು ತಡೆಯುವ ಶಾಕ್ (ಶಾಕ್ ಅಬ್ಸಾರ್ಬರ್) ಹೊಸದು ಹಾಕಿಸಬೇಕು, ಯಾವುದು ತಗೊಳ್ಳಲಿ ಅಂತ ಕೋಥ್ರೂಡ್, ಬಾವಧನ್ ಕಡೆಯ ನಮ್ಮ ಕನ್ನಡದ ಹುಡುಗರು ಕೇಳಿದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ಈಗಿರುವ ಶಾಕ್‌ನಲ್ಲಿ ಗಾಳಿ ಎಷ್ಟಿದೆ? ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಅಂಗಡಿಯವರು ತುಂಬಿಸಿದ್ದೇ ಕೊನೆ. ಅದಕ್ಕೇ ಮೊದಲು ಒಂದು ಶಾಕ್ ಪಂಪ್ ತಗೊಳ್ಳಿ. ಟೈರಿನ ಪಂಪ್ ಇದಕ್ಕೆ ಆಗುವುದಿಲ್ಲ, ಯಾಕೆಂದರೆ ಬಹಳಷ್ಟು ಶಾಕ್‌ಗಳಿಗೆ 150ರಿಂದ 250 ಪಿಎಸ್ಐ (ಗಾಳಿಯ ಒತ್ತಡದ ಅಳತೆ) ಬೇಕು, ಅದನ್ನೂ ಸ್ವಲ್ಪ ಸ್ವಲ್ಪವೇ ಏರಿಸಿ ಇಳಿಸಲು ಬರಬೇಕು.

ಈಗ ಸ್ಯಾಗ್. ನೀವು ಸೈಕಲ್ ಏರಿದಾಗ ಬರೀ ನಿಮ್ಮ ತೂಕಕ್ಕೆ ಶಾಕ್ ಎಷ್ಟು ಒಳಗೆ ಇಳಿಯುತ್ತದೆ ಅನ್ನುವುದೇ ಸ್ಯಾಗ್. ಟ್ರೈಲ್ ಸೈಕಲ್‌ಗೆ ಸ್ಟ್ರೋಕ್‌ನ (ಶಾಕ್ ಒಟ್ಟು ಒಳಗೆ ಇಳಿಯಬಲ್ಲ ದೂರದ) ಶೇ. 25ರಿಂದ 30, ಕ್ರಾಸ್ ಕಂಟ್ರಿಗೆ 20ರಿಂದ 25, ಕಡಿದಾದ ಇಳಿಜಾರಿನ ಎಂಡ್ಯೂರೊಗೆ 30 ಅಥವಾ ಸ್ವಲ್ಪ ಮೇಲೆ. ಶೂ, ಹೆಲ್ಮೆಟ್, ನೀರು ತುಂಬಿದ ಬ್ಯಾಗ್, ಎಲ್ಲ ಹಾಕಿಕೊಂಡೇ ಅಳೆಯಿರಿ. ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಅಳೆದ ಲೆಕ್ಕ ಟೇಕಡಿಯಲ್ಲಿ, ಅಂದರೆ ಗುಡ್ಡದಲ್ಲಿ, ನಿಲ್ಲುವುದಿಲ್ಲ. ಶಾಕ್‌ನ ಲಿವರ್ ಓಪನ್‌ನಲ್ಲಿರಲಿ. ಗೋಡೆಗೆ ಕೈಕೊಟ್ಟು ಏರಿ, ಎರಡು ಮೂರು ಸಲ ಅದುಮಿ, ಸವಾರಿ ಮಾಡುವ ಭಂಗಿಯಲ್ಲಿ ಅಲುಗಾಡದೆ ಇರಿ, ಆಗ ಜೊತೆಯವರು ಯಾರಾದರೂ ಶಾಫ್ಟ್ ಮೇಲಿನ ರಬ್ಬರ್ ಓ-ರಿಂಗನ್ನು ಸೀಲ್‌ಗೆ (ಶಾಫ್ಟ್ ಒಳಹೋಗುವ ಬಾಯಿಗೆ) ಒತ್ತಿ ಇಡಲಿ. ಮೆಲ್ಲಗೆ ಇಳಿದು, ಸೀಲ್‌ನಿಂದ ಓ-ರಿಂಗ್ ಎಷ್ಟು ದೂರ ಇದೆ ಅಂತ ಸ್ಕೇಲ್ ಹಿಡಿಯಿರಿ. ಸ್ಟ್ರೋಕ್ 55 ಮಿ.ಮೀ. ಇದ್ದರೆ ಶೇ. 30 ಅಂದರೆ 16.5 ಮಿ.ಮೀ. ಜಾಸ್ತಿ ಇಳಿದಿದ್ದರೆ ಗಾಳಿ ಹಾಕಿ, ಕಡಿಮೆ ಇಳಿದಿದ್ದರೆ ಸ್ವಲ್ಪ ಗಾಳಿ ಬಿಡಿ. ಖಾಲಿಯಿಂದ ತುಂಬಿಸುವಾಗ 50 ಪಿಎಸ್ಐಗೊಮ್ಮೆ ನಿಲ್ಲಿಸಿ ಶಾಕನ್ನು ನಾಲ್ಕೈದು ಸಲ ಅದುಮಬೇಕು, ಇಲ್ಲದಿದ್ದರೆ ಒಳಗಿನ ನೆಗೆಟಿವ್ ಚೇಂಬರ್‌ಗೆ (ಶಾಕನ್ನು ಒಳಕ್ಕೆ ಎಳೆಯುವ ಎರಡನೇ ಗಾಳಿ ಕೋಣೆಗೆ) ಗಾಳಿ ಸರಿಯಾಗಿ ಹೋಗದೆ ಅಳತೆಯೇ ತಪ್ಪಾಗುತ್ತದೆ.

ಪಂಪ್ ಬಿಚ್ಚುವಾಗ ಬರುವ ಶಬ್ದಕ್ಕೆ ಹೆದರಬೇಡಿ. ಅದು ಹೆಚ್ಚಾಗಿ ಪಂಪ್‌ನ ಪೈಪಿನ ಗಾಳಿ. ಮತ್ತೆ ಪಂಪ್ ಹಾಕಿದರೆ ಸ್ವಲ್ಪ ಕಡಿಮೆ ತೋರಿಸುವುದೂ ಅದಕ್ಕೇ, ಆ ಪೈಪ್ ತುಂಬಬೇಕಲ್ವಾ.

ನಮ್ಮೂರಿನಲ್ಲಿ ಇನ್ನೊಂದು ವಿಷಯ ಇದೆ, ಬಹಳ ಜನ ಗಮನ ಕೊಡುವುದಿಲ್ಲ. ಡಿಸೆಂಬರ್ ಬೆಳಗ್ಗೆ ಪುಣೆಯಲ್ಲಿ 10 ಡಿಗ್ರಿ ಹತ್ತಿರ ಇರುತ್ತದೆ, ಏಪ್ರಿಲ್ ಮಧ್ಯಾಹ್ನ 38. ಚಳಿಯಲ್ಲಿ 200 ಪಿಎಸ್ಐ ಇಟ್ಟ ಶಾಕ್‌ನಲ್ಲಿ ಅದೇ ಗಾಳಿ ಬೇಸಿಗೆಯಲ್ಲಿ ಸುಮಾರು 220 ಆಗುತ್ತದೆ. ಇದ್ದಕ್ಕಿದ್ದ ಹಾಗೆ ಸೈಕಲ್ ಗಡುಸಾಯಿತು ಅನ್ನಿಸಿದರೆ ಮೊದಲು ಇದನ್ನು ನೋಡಿ.

ರಿಬೌಂಡ್, ಅಂದರೆ ಅದುಮಿದ ಶಾಕ್ ಮತ್ತೆ ಮೇಲೆ ಬರುವ ವೇಗ, ಹೊಂದಿಸುವುದು ಸ್ಯಾಗ್ ಸರಿಯಾದ ಮೇಲೆ ಮಾತ್ರ. ಸಾಮಾನ್ಯವಾಗಿ ಕೆಂಪು ನಾಬ್. ಪೂರ್ತಿ ಮುಚ್ಚಿ, ಅಲ್ಲಿಂದ ಬಿಚ್ಚುತ್ತಾ ಕ್ಲಿಕ್ ಎಣಿಸಿ, ಮೊಬೈಲ್‌ನಲ್ಲಿ ಬರೆದಿಟ್ಟುಕೊಳ್ಳಿ. ಮಧ್ಯದಿಂದ ಶುರು ಮಾಡಿ. ಸೀಟಿನ ಮೇಲೆ ಕೂತೇ ಫುಟ್‌ಪಾತ್‌ನಿಂದ ಕೆಳಗಿಳಿಯಿರಿ: ಹಿಂಭಾಗ ಒಂದು ಸಲ ಎದ್ದು ಸುಮ್ಮನಾದರೆ ಸರಿ, ಎರಡು ಮೂರು ಸಲ ಕುಣಿದರೆ ರಿಬೌಂಡ್ ತುಂಬಾ ವೇಗ. ವೇಗ ಜಾಸ್ತಿಯಾದರೆ ಸೈಕಲ್ ಹಿಂದಿನಿಂದ ಒದೆಯುತ್ತದೆ, ಅದು ಎಲ್ಲರಿಗೂ ತಿಳಿಯುತ್ತದೆ. ತಿಳಿಯದೇ ಹೋಗುವುದು ನಿಧಾನ ಜಾಸ್ತಿಯಾದಾಗ. ವೇತಾಳ ಟೇಕಡಿಯ ಹಾಗೆ ಕಪ್ಪು ಕಲ್ಲು ಸಾಲಾಗಿ ಬರುವ ಕಡೆ, ಒಂದು ಏಟಿನಿಂದ ಶಾಕ್ ಮೇಲೆ ಬರುವಷ್ಟರಲ್ಲಿ ಇನ್ನೊಂದು ಬಿದ್ದು, ಶಾಕ್ ಕೆಳಗೇ ಉಳಿದು ಬಿಡುತ್ತದೆ. ಕೈಗೆ ಬರುವ ಅನುಭವ ಮಾತ್ರ ಗಡುಸು. ಜನ ಗಾಳಿ ಕಡಿಮೆ ಮಾಡುತ್ತಾರೆ, ಅದು ಇನ್ನೂ ಕೆಡುತ್ತದೆ. ಬೇಕಾಗಿದ್ದು ರಿಬೌಂಡನ್ನು ಎರಡು ಕ್ಲಿಕ್ ಬಿಚ್ಚುವುದು, ಅಷ್ಟೇ. ಒಂದೇ ಇಳಿಜಾರಿನ ತುಣುಕು ಆರಿಸಿಕೊಂಡು ಪ್ರತಿಸಲ ಒಂದನ್ನೇ ಬದಲಿಸಿ. ಬೆಳಗ್ಗೆ ವಾಕಿಂಗ್‌ಗೆ ಹಿರಿಯರು ಬರುವ ಹೊತ್ತು ಮಾತ್ರ ದಯವಿಟ್ಟು ಬೇಡ. ಗರಸಿನಲ್ಲಿ ಬ್ರೇಕ್ ಹಿಡಿದರೂ ಸೈಕಲ್ ಜಾರುತ್ತದೆ.

ಸ್ಯಾಗ್ ಸರಿ ಇದ್ದೂ ಪದೇ ಪದೇ ತಳಕ್ಕೆ ಬಡಿಯುತ್ತಿದ್ದರೆ ಏರ್ ಕ್ಯಾನ್ (ಗಾಳಿ ತುಂಬುವ ಡಬ್ಬಿ) ಒಳಗೆ ಜಾಗ ಕಡಿಮೆ ಮಾಡುವ ವಾಲ್ಯೂಮ್ ಸ್ಪೇಸರ್ ಸೇರಿಸಿ, ಯಾವತ್ತೂ ಪೂರ್ತಿ ಟ್ರಾವೆಲ್ (ಹಿಂದಿನ ಚಕ್ರ ಮೇಲೆ ಚಲಿಸಬಲ್ಲ ದೂರ) ಸಿಗದಿದ್ದರೆ ಒಂದು ತೆಗೆಯಿರಿ. ದಿನದ ದೊಡ್ಡ ಏಟಿಗೆ ಓ-ರಿಂಗ್ ತುದಿ ಮುಟ್ಟಿದರೆ ಅದು ದೋಷ ಅಲ್ಲ.

ಇಷ್ಟಾದ ಮೇಲೂ ಹೊಸದು ಬೇಕೇ ಬೇಕಾದರೆ ಅಳತೆಯಿಂದ ಶುರು ಮಾಡಿ, ಬ್ರ್ಯಾಂಡ್‌ನಿಂದಲ್ಲ. ಕಣ್ಣಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟ್ ತೂತುಗಳ ನಡುವೆ) ಉದ್ದ ಮತ್ತು ಸ್ಟ್ರೋಕ್, ಎರಡೂ ಹೊಂದಬೇಕು. 2016ರಿಂದ ಬಂದ ಮೆಟ್ರಿಕ್ ಅಳತೆ 210 x 55, 230 x 65 ಹೀಗಿರುತ್ತದೆ, ಹಳೆಯ ಫ್ರೇಮ್‌ಗಳಲ್ಲಿ 200 x 57 ಸಿಗುತ್ತದೆ. ಟ್ರನಿಯನ್ (ಒಂದು ತುದಿಯಲ್ಲಿ ಕಣ್ಣಿನ ಬದಲು ಎರಡು ಬದಿಗೆ ಬೋಲ್ಟ್ ಹಾಕುವ ಶಾಕ್) ಇದ್ದರೆ ಅದೇ ಸ್ಟ್ರೋಕ್‌ಗೆ ಉದ್ದ 25 ಮಿ.ಮೀ. ಕಡಿಮೆ: 210 x 55 ಜಾಗದಲ್ಲಿ 185 x 55. ಉದ್ದದ ಸ್ಟ್ರೋಕ್ ಹಾಕಿ ಟ್ರಾವೆಲ್ ಹೆಚ್ಚಿಸೋಣ ಅನ್ನುವವರು ಚಕ್ರ ಸೀಟ್ ಟ್ಯೂಬ್‌ಗೆ ತಾಗುತ್ತದೆಯೇ ಅಂತ ಮೊದಲು ನೋಡಲಿ. ಸೆಕೆಂಡ್ ಹ್ಯಾಂಡ್ ಆದರೆ ಶಾಫ್ಟ್ ಮೇಲೆ ಉಗುರು ಓಡಿಸಿ, ಗೀರು ಸಿಕ್ಕಿದರೆ ಬಿಟ್ಟುಬಿಡಿ.

ಏರ್ ಅಥವಾ ಕಾಯಿಲ್ (ಗಾಳಿಯ ಬದಲು ಲೋಹದ ಸ್ಪ್ರಿಂಗ್)? ಫ್ರೇಮ್ ಪ್ರೋಗ್ರೆಸಿವ್ (ಇಳಿದಷ್ಟೂ ಗಡುಸಾಗುವಂಥದ್ದು) ಇಲ್ಲದಿದ್ದರೆ ಕಾಯಿಲ್ ಬೇಡ, ತಳಕ್ಕೆ ಬಡಿಯುತ್ತದೆ. ಹಾಕುವುದಾದರೆ ಸ್ಪ್ರಿಂಗ್ ಲೆಕ್ಕ ಹೀಗೆ: 150 ಮಿ.ಮೀ. ಟ್ರಾವೆಲ್, 55 ಸ್ಟ್ರೋಕ್, ಸಾಮಾನು ಸೇರಿ 80 ಕೆಜಿ ಸವಾರ, ಅದರಲ್ಲಿ ಶೇ. 65 ಹಿಂದಿನ ಚಕ್ರದ ಮೇಲೆ, ಸ್ಯಾಗ್ 30 ಅಂದುಕೊಂಡರೆ ಇಂಚಿಗೆ ಸುಮಾರು 480 ಪೌಂಡ್ ಬರುತ್ತದೆ, 475 ತಗೊಂಡು ನೋಡಿ. ಪ್ರಿಲೋಡ್ (ಸ್ಪ್ರಿಂಗ್ ಬಿಗಿಸುವ ರಿಂಗ್) ಒಂದೆರಡು ಸುತ್ತಿಗಿಂತ ಬಿಗಿ ಮಾಡಬೇಕಾಗಿ ಬಂದರೆ ಸ್ಪ್ರಿಂಗೇ ತಪ್ಪು. ಪಿಗ್ಗಿಬ್ಯಾಕ್ (ಶಾಕ್‌ಗೆ ಅಂಟಿದ ಹೆಚ್ಚುವರಿ ಎಣ್ಣೆ ಡಬ್ಬಿ) ಇರುವುದು ಉದ್ದ ಇಳಿಜಾರಿನಲ್ಲಿ ಎಣ್ಣೆ ಬಿಸಿಯಾಗದಿರಲಿ ಅಂತ. ನಮ್ಮ ಟೇಕಡಿಗಳ ಇಳಿಜಾರು ಗಿಡ್ಡ, ಸಾದಾ ಶಾಕ್ ಸಾಕು ಅಂತ ನನ್ನ ಅಭಿಪ್ರಾಯ. ಉಳಿದ ದುಡ್ಡು ಸರ್ವಿಸ್‌ಗೆ ಇಡಿ.

ಏರ್ ಕ್ಯಾನ್ ಸರ್ವಿಸ್‌ಗೆ ಶಾಕ್ ಕಂಪನಿ ರಾಕ್‌ಶಾಕ್ಸ್ ಹೇಳುವುದು 50 ಗಂಟೆಗೊಮ್ಮೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆಸರಿನಲ್ಲಿ ಓಡಿಸುವವರು ಇನ್ನೂ ಬೇಗ ಮಾಡಿಸಿ. ಪ್ರತಿ ಸವಾರಿ ಆದ ಮೇಲೆ ಶಾಫ್ಟ್ ಒರೆಸಿ, ಸೀಲ್ ಮೇಲೆ ಪ್ರೆಷರ್ ನೀರು ಹೊಡೆಯಬೇಡಿ. ಮನೆಯಲ್ಲೇ ಬಿಚ್ಚುವವರಿಗೆ ಒಂದು ಮಾತು ಖಡಾಖಂಡಿತ: ಗಾಳಿ ಪೂರ್ತಿ ಬಿಟ್ಟ ಮೇಲೆ ಶಾಕ್ ತಾನಾಗಿ ಕುಗ್ಗಿ ಅಲ್ಲೇ ಸಿಕ್ಕಿಕೊಂಡಿದ್ದರೆ ನೆಗೆಟಿವ್ ಚೇಂಬರ್‌ನಲ್ಲಿ ಒತ್ತಡ ಉಳಿದಿರುತ್ತದೆ. ಅದನ್ನು ಬಿಚ್ಚಬೇಡಿ, ಎಳೆಯಲೂ ಬೇಡಿ, ಹಾಗೇ ಸರ್ವಿಸ್ ಮಾಡುವವರ ಕೈಗೆ ಕೊಡಿ.