ಆರ್ಕೆಸ್ಟ್ರಾಕ್ಕೆ ಎಷ್ಟು ಕೇಳಬೇಕು? ದರದ ಲೆಕ್ಕ ಹಾಕುವುದು ಹೀಗೆ

ಶ್ರಾವಣ ಕಾಲಿಟ್ಟರೆ ನಮ್ಮ ಮೊಬೈಲ್‌ಗಳಿಗೆ ಬಿಡುವಿರುವುದಿಲ್ಲ. ಸಿರುಗುಪ್ಪದ ಕಡೆಯಿಂದ ಗಣೇಶ ಸಮಿತಿಯವರು, ಕಾರಟಗಿಯಿಂದ ಮದುವೆ ಮನೆಯವರು, ಸಂಡೂರಿನಿಂದ ಗಣಿ ಕಂಪನಿಯ ವಾರ್ಷಿಕೋತ್ಸವದವರು. ಊರು ಬೇರೆಯಾದರೂ ಮೊದಲ ಪ್ರಶ್ನೆ ಒಂದೇ: "ಆರ್ಕೆಸ್ಟ್ರಾಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ?"

ನಮ್ಮ ಸೀಮೆಯಲ್ಲಿ ಸಿನಿಮಾ ಹಾಡು, ಜಾನಪದ, ಭಾವಗೀತೆಗಳನ್ನು ವೇದಿಕೆಗೆ ತರುವ ತಂಡಗಳಲ್ಲಿ ಬಹುಪಾಲು ಈ ಪ್ರಶ್ನೆಗೆ ಬಾಯಿಗೆ ಬಂದ ಅಂಕಿ ಹೇಳುತ್ತವೆ. ಪಕ್ಕದೂರಿನ ತಂಡ ಮೂವತ್ತು ಸಾವಿರಕ್ಕೆ ಹೋಗಿದೆ ಎಂದು ಕಿವಿಗೆ ಬಿದ್ದಿದ್ದರೆ ನಾವು ಇಪ್ಪತ್ತೆಂಟು ಎನ್ನುತ್ತೇವೆ. ಆ ಮೂವತ್ತರಲ್ಲಿ ಸೌಂಡ್ ಸಿಸ್ಟಂ ಇತ್ತೋ ಇಲ್ಲವೋ, ಎಷ್ಟು ಜನ ಹೋಗಿದ್ದರು, ಅವರ ಕೈಗೆ ಎಷ್ಟು ಬಂತು ಎಂದು ಕೇಳುವುದೇ ಇಲ್ಲ. ಇಪ್ಪತ್ತೆರಡು ವರ್ಷ ಕೀಬೋರ್ಡ್ ನುಡಿಸಿ, ಅದರಲ್ಲಿ ಹನ್ನೊಂದು ವರ್ಷ ತಂಡದ ವ್ಯವಹಾರವನ್ನೂ ಹೊತ್ತ ಅನುಭವದಿಂದ ಹೇಳುತ್ತೇನೆ: ದರದ ಲೆಕ್ಕ ಕೊನೆಯಿಂದ ಶುರುವಾಗಬೇಕು. ರಾತ್ರಿ ಎರಡು ಗಂಟೆಗೆ ಮನೆಯ ಬಾಗಿಲು ತಟ್ಟುವ ಢೋಲಕ್ ವಾದಕನ ಜೇಬಿನಲ್ಲಿ ಎಷ್ಟಿರಬೇಕು ಎಂದು ಮೊದಲು ನಿಶ್ಚಯಿಸಿ. ಉಳಿದದ್ದು ಅದರ ಹಿಂದೆ ಬರುತ್ತದೆ.

ಮೊದಲು ಹೊತ್ತಿನ ಲೆಕ್ಕ

ಸಮಿತಿಯವರ ಕಣ್ಣಿಗೆ ಕಾಣುವುದು ಮೂರು ಗಂಟೆಯ ಹಾಡು. ಬಳ್ಳಾರಿಯಿಂದ ಕಾರಟಗಿಯ ಹತ್ತಿರದ ಹಳ್ಳಿಗೆ ಹೊರಟ ದಿನವನ್ನೇ ನೋಡಿ. ಮಧ್ಯಾಹ್ನ ಒಂದಕ್ಕೆ ವಾದ್ಯಗಳನ್ನು ವಾಹನಕ್ಕೆ ಏರಿಸಬೇಕು. ನಾಲ್ಕರ ಹೊತ್ತಿಗೆ ಊರು ಮುಟ್ಟಿ, ವೇದಿಕೆಯಲ್ಲಿ ತಂತಿ ಜೋಡಿಸಿ, ಧ್ವನಿ ಪರೀಕ್ಷೆ ಮುಗಿಸುವಾಗ ಆರೂವರೆ. ಆಮೇಲೆ ಸನ್ಮಾನ, ಭಾಷಣ. ಹಾಡು ಮುಗಿದು, ಎಲ್ಲವನ್ನೂ ಬಿಚ್ಚಿ ಕಟ್ಟಿ, ಊಟ ಮಾಡಿ ಮನೆ ಸೇರಿದಾಗ ನಡುರಾತ್ರಿ ಕಳೆದಿರುತ್ತದೆ. ಮೂರು ಗಂಟೆಯ ಹಾಡಿಗೆ ಹದಿಮೂರು ಗಂಟೆಯ ದುಡಿಮೆ. ಹೊಸ ಹಾಡುಗಳ ತಾಲೀಮು ಇದರ ಹೊರಗೆ.

ನಮ್ಮ ತಂಡದ ಬೇಸ್ ಗಿಟಾರ್ ವಾದಕ ಜೀನ್ಸ್ ಹೊಲಿಯುವ ಘಟಕದಲ್ಲಿ ಕೆಲಸ ಮಾಡುತ್ತಾನೆ. ಕಾರ್ಯಕ್ರಮದ ದಿನ ಅವನಿಗೆ ಕೂಲಿ ಇಲ್ಲ. ಮರುದಿನ ಬೆಳಿಗ್ಗೆ ಏಳಲಾಗದೆ ಅರ್ಧ ದಿನದ್ದೂ ಹೋಗುತ್ತದೆ. ಹೀಗಿರುವಾಗ ಅವನಿಗೆ ಸಿಗುವ ಸಂಭಾವನೆ ಒಂದೂವರೆ ದಿನದ ಕೂಲಿಯನ್ನು ತುಂಬಿಕೊಟ್ಟು, ಅದರ ಮೇಲೆ ಅವನ ಕಲೆಗೆ ಬೆಲೆ ಕೊಡುವಂತಿರಬೇಕು. ಇದಕ್ಕಿಂತ ಕಡಿಮೆಯಾದರೆ ಅವನು ತನ್ನ ಹೆಂಡತಿ ಮಕ್ಕಳ ದುಡ್ಡು ಹಾಕಿ ಊರಿನವರನ್ನು ರಂಜಿಸಿದಂತೆ. ಹಾಗೆ ರಂಜಿಸಿ ರಂಜಿಸಿ ಬೇಸತ್ತು ವಾದ್ಯ ಮಾರಿದವರನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಕಾಗದದ ಮೇಲೆ ಬರೆಯಿರಿ

ಈಗ ಒಂದು ಮಾದರಿ ಲೆಕ್ಕ. ಅಂಕಿಗಳು ಉದಾಹರಣೆಗೆ ಹಿಡಿದವು; ನಿಮ್ಮೂರಿನ ಬಾಡಿಗೆ, ಕೂಲಿ ಹಾಕಿಕೊಂಡು ತಿದ್ದಿಕೊಳ್ಳಿ.

ತಂಡದಲ್ಲಿ ಏಳು ಕಲಾವಿದರು: ಗಾಯಕ, ಗಾಯಕಿ, ಕೀಬೋರ್ಡ್, ರಿದಂ ಪ್ಯಾಡ್, ಢೋಲಕ್–ತಬಲಾ, ಬೇಸ್ ಗಿಟಾರ್, ಮತ್ತು ತೆಲುಗು ಹಾಡುಗಳನ್ನೂ ಹಾಡಬಲ್ಲ ನಿರೂಪಕ. ತಲಾ 2,500 ರೂಪಾಯಿಯಂತೆ 17,500. ಸಾಮಾನು ಎತ್ತಿ ಇಳಿಸುವ ಸಹಾಯಕನಿಗೆ 1,200. ಸುಮಾರು 150 ಕಿಲೋಮೀಟರ್ ಹೋಗಿಬರುವ ವಾಹನ, ಚಾಲಕನ ಭತ್ಯೆ ಸೇರಿ 5,500. ಸೌಂಡ್ ಸಿಸ್ಟಂ ಬಾಡಿಗೆ 12,000. ಒಂದು ತಾಲೀಮಿಗೆ ತಲಾ 300ರಂತೆ 2,100. ದಾರಿಯ ಚಹಾ, ತಿಂಡಿ, ನೀರಿಗೆ 1,000. ಎಲ್ಲ ಕೂಡಿದರೆ 39,300.

ಇಲ್ಲಿಗೆ ನಿಲ್ಲಿಸುವುದೇ ಹೆಚ್ಚಿನವರು ಮಾಡುವ ತಪ್ಪು. 90,000 ರೂಪಾಯಿಯ ಕೀಬೋರ್ಡ್ 300 ಕಾರ್ಯಕ್ರಮ ಬಾಳಿದರೆ ಪ್ರತಿ ರಾತ್ರಿ ಅದು 300 ರೂಪಾಯಿಯಷ್ಟು ಸವೆಯುತ್ತದೆ. ಢೋಲಕ್ಕಿನ ಚರ್ಮ, ಗಿಟಾರಿನ ತಂತಿ, ಮೈಕಿನ ವೈರು ಎಲ್ಲವೂ ಹಾಗೆಯೇ. ಜೊತೆಗೆ ಆಷಾಢ, ಪಿತೃಪಕ್ಷ, ಧನುರ್ಮಾಸಗಳ ಬರಿದಾದ ವಾರಗಳಿವೆ. ಇದಕ್ಕೆಂದು ಒಟ್ಟು ಖರ್ಚಿನ ಮೇಲೆ ಶೇ 15ರಷ್ಟು ತೆಗೆದಿಡಿ. 39,300ಕ್ಕೆ 5,895 ಸೇರಿ 45,195. ಅಂದರೆ 45,000 ರೂಪಾಯಿ ನಿಮ್ಮ ತಳದ ಬೆಲೆ. ಇದಕ್ಕಿಂತ ಕೆಳಗೆ ಯಾರು ಕರೆದರೂ ಹೋಗಬಾರದು. ಬಾಯಲ್ಲಿ ಹೇಳುವುದು 52,000ದಿಂದ 55,000. ಚೌಕಾಸಿ ಇಲ್ಲದ ವ್ಯವಹಾರ ನಮ್ಮ ಕಡೆ ಇಲ್ಲವಾದ್ದರಿಂದ ಆ ಅಂತರ ಇರಲೇಬೇಕು.

ಸೌಂಡ್ ಯಾರದು?

ಸೌಂಡ್ ಸಂಘಟಕರದೇ ಆದರೆ ಇದೇ ಲೆಕ್ಕದಲ್ಲಿ ಖರ್ಚು 27,300ಕ್ಕೆ ಇಳಿದು, ಶೇ 15 ಸೇರಿ ತಳದ ಬೆಲೆ ಸುಮಾರು 31,400 ಆಗುತ್ತದೆ. ಕೇಳುವವನಿಗೆ ಇದು ಅಗ್ಗವಾಗಿ ಕಾಣುತ್ತದೆ, ಹಾಡುವವನಿಗೆ ಇಲ್ಲೇ ಅಪಾಯ. "ನಮ್ಮಲ್ಲಿ ಸೌಂಡ್ ಇದೆ" ಎಂದ ಊರಿಗೆ ಹೋದಾಗ ಎರಡು ಹಾರ್ನ್ ಮೈಕು, ಒಂದು ಹಳೆಯ ಆಂಪ್ಲಿಫೈಯರ್ ಎದುರಾಗಿವೆ. ಅದರಲ್ಲಿ ಗಾಯಕಿಯ ದನಿ ಬಾರದೆ ಜನ ಬೈದದ್ದು ನಮ್ಮನ್ನೇ. ಆದ್ದರಿಂದ ಒಪ್ಪುವ ಮುಂಚೆ ಮಿಕ್ಸರ್‌ನಲ್ಲಿ ಎಷ್ಟು ಚಾನೆಲ್ ಇವೆ, ಹಾಡುವವರಿಗೆ ಕೇಳಿಸಲು ಮಾನಿಟರ್ ಇವೆಯೇ, ಜನರೇಟರ್ ಇದೆಯೇ ಎಂದು ಕೇಳಿ, ವಾಟ್ಸ್‌ಆ್ಯಪ್‌ನಲ್ಲಿ ಚಿತ್ರ ತರಿಸಿಕೊಳ್ಳಿ. ಅದು ಸರಿ ಇರದಿದ್ದರೆ ನಿಮ್ಮದೇ ಸೌಂಡ್ ಹೇಳಿ.

ಊರು, ಕಾಲ, ನೀರು

ತಳದ ಬೆಲೆ ಬದಲಾಗುವುದಿಲ್ಲ. ಅದರ ಮೇಲೆ ಹೇಳುವ ಬೆಲೆ ಸಂದರ್ಭಕ್ಕೆ ತಕ್ಕಂತೆ ಏರಬೇಕು. ಗಣೇಶ ಹಬ್ಬದ ಹನ್ನೊಂದು ದಿನ ಒಂದೇ ರಾತ್ರಿಗೆ ನಾಲ್ಕು ಊರಿನವರು ಕರೆಯುತ್ತಾರೆ. ಆಗ ಹೆಚ್ಚು ಕೇಳುವುದಕ್ಕೆ ಸಂಕೋಚ ಬೇಡ. ತೋರಣಗಲ್ಲಿನ ಕಾರ್ಖಾನೆಗಳ ಬಡಾವಣೆ, ಆನೆಗೊಂದಿ–ಸಾಣಾಪುರ ಕಡೆಯ ರೆಸಾರ್ಟ್, ಗಂಗಾವತಿಯ ಅಕ್ಕಿ ಗಿರಣಿ ಮಾಲೀಕರ ಮನೆಯ ಆರತಕ್ಷತೆ ಇವುಗಳಿಗೂ ಹಳ್ಳಿಯ ಯುವಕರು ಮನೆ ಮನೆ ತಿರುಗಿ ಪಟ್ಟಿ ಎತ್ತಿ ಮಾಡುವ ಹಬ್ಬಕ್ಕೂ ಒಂದೇ ದರ ಹೇಳುವುದು ನ್ಯಾಯವಲ್ಲ ಎಂಬುದು ನನ್ನ ನಿಲುವು. ಹಳ್ಳಿಯವರಿಗೆ ತಳದ ಬೆಲೆಯ ಹತ್ತಿರ ಹೋಗಿ, ಉಳ್ಳವರಲ್ಲಿ ಪೂರ್ಣ ಕೇಳಿ.

ನಮ್ಮ ಕೆಲಸವೂ ಕೊನೆಗೆ ತುಂಗಭದ್ರೆಯನ್ನೇ ನಂಬಿದೆ. ಭತ್ತದ ದುಡ್ಡು ಕೈಗೆ ಬಂದ ವರ್ಷ ಮದುವೆಗಳಲ್ಲಿ ಆರ್ಕೆಸ್ಟ್ರಾ ಇರುತ್ತದೆ, ಬಾರದ ವರ್ಷ ಡಿಜೆ ಕೂಡ ಇರುವುದಿಲ್ಲ. 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ಸುದ್ದಿ ಕೇಳಿದಾಗ ರೈತರಷ್ಟೇ ನಾವೂ ನಿದ್ದೆಗೆಟ್ಟಿದ್ದೆವು. ನೀರು ಹೆಚ್ಚಾದರೂ ನಮಗೆ ಲೆಕ್ಕ ತಪ್ಪುತ್ತದೆ. ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯ ಸೇತುವೆ ಮುಳುಗಿ ಗಂಗಾವತಿಯ ದಾರಿ ಮುಚ್ಚುತ್ತದೆ. ಸುತ್ತುಬಳಸಿ ಹೋಗಬೇಕಾದರೆ ಹೆಚ್ಚುವರಿ ಡೀಸೆಲ್ ಯಾರದು ಎಂದು ಒಪ್ಪಂದದ ದಿನವೇ ಕೇಳಿಕೊಳ್ಳಿ.

ಹಾಡಿನ ಪಟ್ಟಿಯೂ ದರದ ಭಾಗ. ಸಿರುಗುಪ್ಪ, ರಾಯಚೂರು ಕಡೆ ತೆಲುಗು ಹಾಡಿಲ್ಲದೆ ರಾತ್ರಿ ಮುಗಿಯದು. ರಾಯಚೂರು ಪಟ್ಟಣದಲ್ಲಿ ಹಳೆಯ ಹಿಂದಿ ಹಾಡು ಕೇಳುವ ಹಿರಿಯರಿದ್ದಾರೆ. ಕೊಪ್ಪಳದ ಹಳ್ಳಿಗಳಲ್ಲಿ ತತ್ವಪದಕ್ಕೆ ತಲೆದೂಗುವವರು ಇಂದಿಗೂ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಮದುವೆ ಮನೆಯವರು ಕೊನೆಯ ವಾರದಲ್ಲಿ ಐದು ಹೊಸ ಹಾಡು ಕೇಳಿದರೆ ಒಂದು ತಾಲೀಮಿನ ಹಣ ಸೇರಿಸಿ. ಕೇಳಿದರೆ ಕೊಡುತ್ತಾರೆ, ಕೇಳದೆ ಕಲಿತು ಹಾಡಿದರೆ ಅದು ಅವರಿಗೆ ತಿಳಿಯುವುದೂ ಇಲ್ಲ.

ಜಾತ್ರೆಯ ಸೇವೆ

"ಅಜ್ಜನ ಜಾತ್ರೆ, ದೇವರ ಕೆಲಸ, ನೋಡಿ ಮಾಡಿ" ಎನ್ನುವವರಿಗೆ ಏನು ಹೇಳುವುದು? ವರ್ಷಕ್ಕೆ ಒಂದು ಸೇವೆ ಮಾಡಿ, ಮನಸ್ಸಿಟ್ಟು ಮಾಡಿ. ಆದರೆ ಆಗ ಸಂಭಾವನೆ ಸೊನ್ನೆಯಾಗಿರಲಿ. ವಾಹನ, ಸೌಂಡು, ಊಟವನ್ನಷ್ಟೇ ಅವರು ನೋಡಿಕೊಳ್ಳಲಿ. ಹತ್ತು ಸಾವಿರ ಪಡೆದು ಅದನ್ನು ಸೇವೆ ಎಂದರೆ ಮರುವರ್ಷ ಅಕ್ಕಪಕ್ಕದ ಹತ್ತೂರಿಗೆ ಅದೇ ನಿಮ್ಮ ದರವಾಗುತ್ತದೆ. ಈ ಮಾತನ್ನು ನಾನು ಹೊಸ ತಂಡಗಳಿಗೆ ಕೈಮುಗಿದು ಹೇಳುತ್ತೇನೆ, ಏಕೆಂದರೆ ಅವರ ಅಗ್ಗದ ದರ ಅವರನ್ನಷ್ಟೇ ಅಲ್ಲ, ಇದನ್ನೇ ನಂಬಿದ ಹಿರಿಯ ಕಲಾವಿದರನ್ನೂ ಮನೆಯಲ್ಲಿ ಕೂರಿಸುತ್ತದೆ.

ಚೌಕಾಸಿ ಮತ್ತು ವೀಳ್ಯ

"ಹತ್ತು ಸಾವಿರ ಇಳಿಸಿ" ಎಂದರೆ ಸುಮ್ಮನೆ ಇಳಿಸಬೇಡಿ. ಏನನ್ನಾದರೂ ತೆಗೆದು ಇಳಿಸಿ: ಬೇಸ್ ಗಿಟಾರ್ ಇಲ್ಲದೆ ಆರು ಜನ ಬರುತ್ತೇವೆ, ಮೂರು ಗಂಟೆಯ ಬದಲು ಎರಡು ಗಂಟೆ ಹಾಡುತ್ತೇವೆ, ಸೌಂಡ್ ನೀವೇ ತರಿಸಿ. ಆಗ ಎದುರಿನವರಿಗೂ ನಿಮ್ಮ ಅಂಕಿಯ ಹಿಂದೆ ಲೆಕ್ಕವಿದೆ ಎಂದು ಅರಿವಾಗುತ್ತದೆ.

ರಂಗನಟ ಬಳ್ಳಾರಿ ರಾಘವರ ಈ ನೆಲದಲ್ಲಿ ನಾಟಕದವರಿಗೆ ವೀಳ್ಯ ಕೊಟ್ಟು ಕರೆಯುವ ಪದ್ಧತಿ ಹಳೆಯದು. ಪೇಟಿ (ಹಾರ್ಮೋನಿಯಂ) ಮಾಸ್ತರರು ವೀಳ್ಯ ಹಿಡಿದ ಮೇಲೆ ಆ ದಿನವನ್ನು ಬೇರೆಯವರಿಗೆ ಕೊಡುತ್ತಿರಲಿಲ್ಲ, ಕರೆದವರೂ ಮಾತು ತಪ್ಪುತ್ತಿರಲಿಲ್ಲ. ನಮ್ಮ ಮುಂಗಡಕ್ಕೂ ಅದೇ ಮರ್ಯಾದೆ ಬರಬೇಕು. ದಿನ ಹಿಡಿಯಲು ಮೂರರಲ್ಲಿ ಒಂದು ಪಾಲು ಮುಂಗಡ, ವೇದಿಕೆ ಏರುವ ಮುಂಚೆ ಉಳಿದದ್ದು. "ಕಾರ್ಯಕ್ರಮ ಮುಗಿದ ಮೇಲೆ" ಎಂಬ ಮಾತಿಗೆ ಒಪ್ಪಬೇಡಿ. ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹಾಡು ಮುಗಿಸಿ ಬಾಕಿ 18,000 ಕೇಳಿದಾಗ ಖಜಾಂಚಿ ಮನೆಗೆ ಹೋಗಿ ಮಲಗಿದ್ದಾರೆ ಎಂಬ ಉತ್ತರ ಬಂತು. ಬೆಳಗಿನ ಜಾವದವರೆಗೆ ಪೆಂಡಾಲಿನ ಕೆಳಗೆ ಕಾದೆವು. ಆ ಹಣ ಇವತ್ತಿಗೂ ಬಂದಿಲ್ಲ. ಅಂದು ಉಳಿದವರಿಗೆ ಸಂಭಾವನೆ ಕೊಡಲು ನಾನು ಸಾಲ ಮಾಡಬೇಕಾಯಿತು.

ಮಾತಾದದ್ದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ, ಅವರಿಂದ "ಒಪ್ಪಿಗೆ" ಎಂದು ಬರೆಸಿಕೊಳ್ಳಿ. ದಿನಾಂಕ, ಸ್ಥಳ, ಹಾಡುವ ಅವಧಿ, ಎಷ್ಟು ಜನ, ಸೌಂಡ್ ಯಾರದು, ಊಟ, ಮುಂಗಡ, ಮಳೆ ಬಂದರೆ ಏನು, ಅವರೇ ರದ್ದು ಮಾಡಿದರೆ ಮುಂಗಡ ಮರಳದು ಎಂಬ ಮಾತು ಅದರಲ್ಲಿರಲಿ.

ಹತ್ತು ಗಂಟೆಯ ಗೆರೆ

ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳು, 2000ರ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ಹಬ್ಬಗಳಿಗೆಂದು ವರ್ಷದಲ್ಲಿ 15 ದಿನ ಮೀರದಂತೆ ಮಧ್ಯರಾತ್ರಿಯವರೆಗೆ ಸಡಿಲಿಸುವ ಅಧಿಕಾರ ರಾಜ್ಯ ಸರ್ಕಾರಕ್ಕಿದೆ. ಪೊಲೀಸರ ಅನುಮತಿ ಪಡೆಯುವುದು ಸಂಘಟಕರ ಹೊಣೆ ಎಂದು ಬರೆದಿಡಿ. ಏಳಕ್ಕೆ ಶುರುವಾಗಬೇಕಾದ ಹಾಡು ಸನ್ಮಾನಗಳಿಂದ ಒಂಬತ್ತಕ್ಕೆ ಶುರುವಾಗಿ, ಹತ್ತಕ್ಕೆ ನಿಂತು, "ಒಂದೇ ಗಂಟೆ ಹಾಡಿದಿರಿ, ಅರ್ಧ ತೆಗೆದುಕೊಳ್ಳಿ" ಎಂಬ ಜಗಳ ನಮ್ಮಲ್ಲಿ ಪ್ರತಿವರ್ಷ ನಡೆಯುತ್ತದೆ. ತಂಡ ಹೇಳಿದ ಹೊತ್ತಿಗೆ ಸಿದ್ಧವಿದ್ದರೆ ಪೂರ್ಣ ಹಣ ಎಂಬ ಒಂದು ಸಾಲು ಆ ಜಗಳವನ್ನು ತಡೆಯುತ್ತದೆ.

ಹಾಡುಗಳ ಹಕ್ಕಿನ ವಿಷಯವನ್ನೂ ತಿಳಿದಿರಬೇಕು. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ನಿಜವಾದ ಧಾರ್ಮಿಕ ಆಚರಣೆ, ಮದುವೆ ಮತ್ತು ಅದಕ್ಕೆ ಸಂಬಂಧಿಸಿದ ಸಮಾರಂಭ, ಸರ್ಕಾರದ ಅಧಿಕೃತ ಸಮಾರಂಭಗಳಲ್ಲಿ ಹಾಡುವುದಕ್ಕೆ ವಿನಾಯಿತಿ ಕೊಟ್ಟಿದೆ. ರೆಸಾರ್ಟ್, ಹೋಟೆಲ್‌ನವರು ತಾವೇ ನಡೆಸುವ ಕಾರ್ಯಕ್ರಮ, ಟಿಕೆಟ್ ಇಟ್ಟ ಕಾರ್ಯಕ್ರಮಗಳಿಗೆ ಅದು ಅನ್ವಯಿಸುವುದಿಲ್ಲ. ಅಲ್ಲಿ ಪರವಾನಗಿ ಶುಲ್ಕ ಸಂಘಟಕರದೇ ಎಂದು ಮೊದಲೇ ಹೇಳಿ. ಕಂಪನಿಗಳು ಹಣ ಕೊಡುವಾಗ ತೆರಿಗೆ ಮುರಿದುಕೊಂಡರೆ ಅದರ ದಾಖಲೆ ಕೇಳಿ ಪಡೆಯಿರಿ, ವಾರ್ಷಿಕ ತೆರಿಗೆ ವಿವರ ಸಲ್ಲಿಸುವಾಗ ಬೇಕಾಗುತ್ತದೆ.

ಆಯಾರ ಮತ್ತು ಹಂಚಿಕೆ

ಹಾಡು ಮೆಚ್ಚಿ ಜನ ವೇದಿಕೆಗೆ ಬಂದು ಕೊಡುವ ಆಯಾರ ನಮ್ಮ ಸೀಮೆಯ ಪ್ರೀತಿ. ಐನೂರರ ನೋಟನ್ನು ಗಾಯಕಿಯ ಕೈಗಿತ್ತರೂ ಆ ಹಾಡಿನಲ್ಲಿ ಢೋಲಕ್ಕಿನ ಪೆಟ್ಟೂ ಇತ್ತು. ಒಂದು ಡಬ್ಬಿಯಲ್ಲಿ ಹಾಕಿ, ಎಲ್ಲರಿಗೂ ಸಮಪಾಲು ಮಾಡಿ. ಆಯಾರ ಬರುತ್ತದೆಂದು ನಂಬಿ ದರ ಇಳಿಸಬೇಡಿ. "ಜನ ಕೊಡುತ್ತಾರೆ ಬನ್ನಿ" ಎನ್ನುವ ಸಮಿತಿಯಿಂದ ದೂರವಿರಿ.

ಸಂಭಾವನೆಯನ್ನು ಅದೇ ರಾತ್ರಿ, ವಾಹನ ಹೊರಡುವ ಮುಂಚೆ, ಎಲ್ಲರೆದುರು ಎಣಿಸಿ ಕೊಡಿ. ಎಷ್ಟು ಬಂತು, ಎಲ್ಲೆಲ್ಲಿ ಹೋಯಿತು ಎಂಬ ಪುಟ ತಂಡದ ಯಾರು ಕೇಳಿದರೂ ತೆರೆದಿರಲಿ. ಗಾಯಕಿಯರಿಗೆ ಗಾಯಕರಿಗಿಂತ ಕಡಿಮೆ ಕೊಡುವ ಚಾಳಿ ಕೆಲವು ತಂಡಗಳಲ್ಲಿ ಇನ್ನೂ ಇದೆ, ಅದನ್ನು ಇಂದೇ ಬಿಡಿ. ವೇದಿಕೆಯ ಹಿಂದೆ ಅವರಿಗೆ ಬಟ್ಟೆ ಬದಲಿಸಲು ಬಾಗಿಲಿರುವ ಕೋಣೆ, ಶೌಚಾಲಯ ಇವೆಯೇ ಎಂದು ದರ ಮಾತಾಡುವಾಗಲೇ ಕೇಳಿ. ಜೊತೆಗೆ ಬರುವ ಅಣ್ಣನಿಗೋ ತಾಯಿಗೋ ವಾಹನದಲ್ಲಿ ಒಂದು ಸೀಟು, ಒಂದು ಊಟ ಲೆಕ್ಕದಲ್ಲಿರಲಿ. ಬಳ್ಳಾರಿಗೆ ಮರಳಿದಾಗ ಎಷ್ಟೇ ಹೊತ್ತಾಗಿರಲಿ, ವಾಹನ ಮೊದಲು ಅವರ ಮನೆಯ ಬಾಗಿಲಿಗೆ ಹೋಗಿ, ಆಮೇಲೆ ವಾದ್ಯ ಇಳಿಸಲು ಬರಬೇಕು. ಆ ಐದಾರು ಕಿಲೋಮೀಟರ್‌ನ ಡೀಸೆಲನ್ನೂ ಬಾಡಿಗೆ ಮಾತಾಡುವಾಗಲೇ ಸೇರಿಸಿ.